ಕ್ವಾರಿ ಗುಂಡಿಯ ನೀರು: ಎಸ್ಟಿಮೇಟಿನಲ್ಲಿ ಕಾಣದ ಖರ್ಚು

ಯಲಹಂಕ: ಕಲ್ಲು ತೆಗೆದವರು ಕಲ್ಲು ಮುಗಿದ ಮೇಲೆ ಹೋದರು. ಕಸ ಸುರಿದವರು ಗುಂಡಿ ತುಂಬಿದ ಮೇಲೆ ಲಾರಿ ತಿರುಗಿಸಿಕೊಂಡು ಪಕ್ಕದ ಗುಂಡಿಗೆ ಹೋದರು. ಬೆಳ್ಳಹಳ್ಳಿ ಕಡೆ ಉಳಿದುಕೊಂಡದ್ದು ಊರು ಮತ್ತು ಊರಿನ ಕೆಳಗಿನ ನೀರು. ಈಗ ಪ್ರಶ್ನೆ ಒಂದೇ. ಕೆಟ್ಟ ನೀರನ್ನು ಹತೋಟಿಯಲ್ಲಿಡಲು ಎಷ್ಟು ದುಡ್ಡು ಬೇಕು? ಅದನ್ನು ಕೊಡುವವರು ಯಾರು?

ಪ್ರಶ್ನೆ ಸಣ್ಣದು. ಉತ್ತರ ಕೇಳಿಕೊಂಡು ಹೋದರೆ ಗಣಿ ಇಲಾಖೆಯವರು ಪಾಲಿಕೆ ಕಡೆ ಕೈ ತೋರಿಸುತ್ತಾರೆ, ಪಾಲಿಕೆಯವರು ಘನತ್ಯಾಜ್ಯ ಕಂಪನಿಯ ಕಡೆ ತೋರಿಸುತ್ತಾರೆ. ಇದಕ್ಕೆ ಮೊದಲು ಕಸದ ಯಜಮಾನಿಕೆ ಇದ್ದ ಬಿಬಿಎಂಪಿಯೇ ಈಗ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಅದು ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಬೋರ್ಡು ಬದಲಾಯಿತು. ಗುಂಡಿ ಇದ್ದ ಜಾಗದಲ್ಲೇ ಇದೆ.

ಗುಂಡಿ ಬಂದದ್ದು ಹೇಗೆ

ಯಲಹಂಕದಿಂದ ಪೂರ್ವಕ್ಕೆ, ಬೆಳ್ಳಹಳ್ಳಿ, ಕಣ್ಣೂರು, ಮಿಟ್ಟಗಾನಹಳ್ಳಿ, ಬಾಗಲೂರು ಎಂದು ಹೆಸರು ಹೇಳುತ್ತ ಹೋದರೆ ಅದೆಲ್ಲ ಬಂಡೆ ನಾಡು. ಬೆಂಗಳೂರಿನ ಅಡಿಪಾಯಕ್ಕೆ ಸೈಜುಗಲ್ಲು, ತಾರಸಿಗೆ ಜಲ್ಲಿ, ರಸ್ತೆಗೆ ಪುಡಿ, ಎಲ್ಲದರಲ್ಲೂ ಉತ್ತರದ ಈ ಬಂಡೆಗಳ ಪಾಲಿದೆ. ನೂರಡಿ ಇಳಿದರೂ ಕಲ್ಲು ಸಿಗುವ ಕಡೆ ಇಳಿದರು. ಕಲ್ಲು ಸಾಗಿದ ಮೇಲೆ ಗುಂಡಿಯನ್ನು ಮುಚ್ಚಬೇಕು ಎಂದು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಳೆ ನೀರು ನಿಂತು ಕೆರೆಯಂತಾದ ಗುಂಡಿಗಳನ್ನು ಈ ಕಡೆಯ ಜನ ಕಂಡವರೇ.

ಅತ್ತ ನಗರಕ್ಕೆ ಕಸ ಹಾಕಲು ಜಾಗ ಇಲ್ಲದಾಯಿತು. ಯಲಹಂಕಕ್ಕೆ ಪಶ್ಚಿಮದ ಮಾವಳ್ಳಿಪುರದಲ್ಲಿ ಜನ ವರ್ಷಗಟ್ಟಲೆ ಜಗಳ ಆಡಿದ ಮೇಲೆ 2012ರಲ್ಲಿ ಅಲ್ಲಿಗೆ ಕಸ ಹೋಗುವುದು ನಿಂತಿತು. ಆ ಮೇಲೆ ಮಂಡೂರಿಗೆ ಹೊರೆ ಬಿತ್ತು. ಅಲ್ಲಿಯೂ ಜನ ರಸ್ತೆಗೆ ಇಳಿದರು, 2014ರ ಡಿಸೆಂಬರ್ 1ಕ್ಕೆ ನಿಲ್ಲಿಸುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು. ದಿನಕ್ಕೆ ಸಾವಿರಾರು ಟನ್ ಕಸ ಹೊರಡಿಸುವ ನಗರಕ್ಕೆ ಆಗ ಕಂಡದ್ದು ಕಲ್ಲು ತೆಗೆದ ಹಾಳು ಗುಂಡಿಗಳು. ಬಾಗಲೂರು ಆಯಿತು, ಬೆಳ್ಳಹಳ್ಳಿ ಆಯಿತು, ಅದು ತುಂಬಿದ ಮೇಲೆ 2020ರ ಸುಮಾರಿಗೆ ಮಿಟ್ಟಗಾನಹಳ್ಳಿ ಆಯಿತು. 2025ರ ಮಾರ್ಚಿನಲ್ಲಿ ಮಿಟ್ಟಗಾನಹಳ್ಳಿ ದಾರಿಯಲ್ಲಿ ಕಸದ ಲಾರಿಗಳು ಸಾಲುಗಟ್ಟಿ ನಿಂತಾಗ ಆ ಸುದ್ದಿ ವಿಧಾನಸೌಧದ ಒಳಗೂ ಕೇಳಿಸಿತು. ಅಷ್ಟು ದಿನ ಊರಿನವರು ಹೇಳುತ್ತಿದ್ದದ್ದು ಕೇಳಿಸಿರಲಿಲ್ಲ ಎಂಬುದು ಬೇರೆ ಮಾತು.

ಕಸದ ಮೇಲೆ ಮಳೆ ಬಿದ್ದರೆ ಅದು ಒಳಗೆ ಇಳಿದು, ಕೊಳೆತದ್ದನ್ನೆಲ್ಲ ತೊಳೆದುಕೊಂಡು, ಕಪ್ಪಗೆ ಕಷಾಯದಂತೆ ಹೊರಗೆ ಬರುತ್ತದೆ. ಅಧಿಕಾರಿಗಳು ಇದನ್ನು ಲೀಚೇಟ್ ಎನ್ನುತ್ತಾರೆ. ಊರಿನವರಿಗೆ ಅದು ಕಸದ ರಸ. ಅದರಲ್ಲಿ ಅಮೋನಿಯಾ, ಕ್ಲೋರೈಡು, ಕಬ್ಬಿಣ, ಮ್ಯಾಂಗನೀಸು ಇರುತ್ತವೆ. ಬ್ಯಾಟರಿ, ಬಣ್ಣ, ಟ್ಯೂಬ್‌ಲೈಟು ಬೆರೆತಿದ್ದರೆ ಸೀಸ, ಪಾದರಸದಂಥವೂ ಬರಬಹುದು. ಅಮೋನಿಯಾ ಮಣ್ಣಿನಲ್ಲಿ ಗಾಳಿ ಸೇರಿ ನೈಟ್ರೇಟ್ ಆಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಕೂಡದು, ಬೇರೆ ನೀರಿಲ್ಲ ಎಂಬ ನೆಪಕ್ಕೂ ರಿಯಾಯಿತಿ ಇಲ್ಲ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಾದರೆ ಹಸುಗೂಸುಗಳಿಗೆ ಅಪಾಯ, ರಕ್ತ ಉಸಿರನ್ನು ಹೊರಲಾರದೆ ಮೈ ನೀಲಿಗಟ್ಟುತ್ತದೆ. ಇಲ್ಲಿ ತಾಯಂದಿರು ತಿಳಿದಿರಬೇಕಾದ ಮಾತೊಂದಿದೆ. ಈ ನೀರನ್ನು ಕಾಯಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ.

ಬಂಡೆ ಸೋರುವುದಿಲ್ಲ ಎಂಬ ನಂಬಿಕೆ

"ಬಂಡೆ ಗುಂಡಿ ತಾನೇ, ನೀರು ಎಲ್ಲಿಗೆ ಹೋಗುತ್ತೆ?" ಎಂದು ಕೇಳುವವರಿದ್ದಾರೆ. ಉತ್ತರ ಬೆಂಗಳೂರಿನಲ್ಲಿ ಬೋರು ಕೊರೆಸಿ ಕೈ ಸುಟ್ಟುಕೊಂಡ ಯಾರನ್ನಾದರೂ ಕೇಳಿ, ಉತ್ತರ ಸಿಗುತ್ತದೆ. ಒಂದೇ ಸೈಟಿನಲ್ಲಿ ಐವತ್ತಡಿ ಅಂತರದಲ್ಲಿ ಎರಡು ಬೋರು ಕೊರೆಸಿದರೆ ಒಂದರಲ್ಲಿ ಎರಡಿಂಚು ನೀರು, ಇನ್ನೊಂದರಲ್ಲಿ ಬರೀ ಧೂಳು. ಯಾಕೆಂದರೆ ಇಲ್ಲಿನ ನೀರು ಬಂಡೆಯಲ್ಲಿ ಇಲ್ಲ, ಬಂಡೆಯ ಬಿರುಕಿನಲ್ಲಿದೆ. ಮೇಲೆ ಕೆಲವು ಹತ್ತಡಿ ಸವೆದ ಕಲ್ಲು ಮಣ್ಣು, ಅದರ ಕೆಳಗೆ ಗಟ್ಟಿ ಬಂಡೆ, ಬಂಡೆಯ ನಡುವೆ ಸೀಳುಗಳು. ಕಲ್ಲು ತೆಗೆಯುವವರು ಮದ್ದಿಟ್ಟು ಸಿಡಿಸಿದಾಗ ಪಕ್ಕದ ಸೀಳುಗಳೂ ಬಾಯಿ ಬಿಡುತ್ತವೆ. ಕಸದ ರಸಕ್ಕೆ ಸಿಕ್ಕಿದ ದಾರಿ ಅದೇ.

2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸದ ಗುಂಡಿ ಹೇಗಿರಬೇಕು ಎಂದು ಬರೆದಿತ್ತು. ತಳಕ್ಕೆ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಸು. ಅಂತರ್ಜಲದ ಮಟ್ಟಕ್ಕಿಂತ ಗುಂಡಿಯ ತಳ ಕನಿಷ್ಠ 2 ಮೀಟರ್ ಮೇಲಿರಬೇಕು. ಕೆರೆಯಿಂದ, ಮನೆಗಳಿಂದ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ. ಬಯಲಿನಲ್ಲಿ ಕಟ್ಟುವ ಗುಂಡಿಗೆ ಇದನ್ನೆಲ್ಲ ಮಾಡಬಹುದು. ನೂರಡಿ ನೆಟ್ಟಗೆ ನಿಂತ ಕಲ್ಲಿನ ಗೋಡೆಗೆ ಜೇಡಿಮಣ್ಣು ಮೆತ್ತುವುದು ಹೇಗೆ? ಪ್ಲಾಸ್ಟಿಕ್ ಹಾಸನ್ನು ಚೂಪುಗಲ್ಲಿನ ಮೇಲೆ ಹರಿಯದಂತೆ ಕೂರಿಸುವುದು ಹೇಗೆ? ಮಳೆಗಾಲದಲ್ಲಿ ಒರತೆ ಬಂದು ತಾನಾಗಿ ತುಂಬುವ ಗುಂಡಿಯ ತಳ ಅಂತರ್ಜಲಕ್ಕಿಂತ ಮೇಲಿದೆ ಎಂದು ಬರೆಯುವ ಪೆನ್ನು ಯಾವುದು?

ಇನ್ನು ಹರಿವಿನ ವಿಚಾರ. ಈ ಭಾಗದ ಪಶ್ಚಿಮದ ನೀರು ಅರ್ಕಾವತಿ ಕಡೆ ಇಳಿಯುತ್ತದೆ, ಮಾವಳ್ಳಿಪುರ ಇರುವುದು ಆ ಪಾತ್ರದಲ್ಲಿ. ಪೂರ್ವದ ನೀರು ಕೆರೆಯಿಂದ ಕೆರೆಗೆ ದಾಟಿ ದಕ್ಷಿಣ ಪಿನಾಕಿನಿಯತ್ತ ಹೋಗುತ್ತದೆ. ಕಸದ ರಸ ಕಣ್ಣೂರಿನ ಕೆರೆಯತ್ತ ಬರುತ್ತಿದೆ ಎಂದು ಅಲ್ಲಿನ ಜನ ದೂರುತ್ತ ಬಂದದ್ದು ಇದೇ ಇಳಿಜಾರಿನ ಕತೆ. ಕೆರೆಯಲ್ಲಿ ಹರಿದದ್ದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಸೀಳಿನಲ್ಲಿ ಹರಿದದ್ದು ಕಾಣುವುದಿಲ್ಲ. ಖರ್ಚಿನ ಲೆಕ್ಕ ದಾರಿ ತಪ್ಪುವುದೂ ಅಲ್ಲಿಯೇ.

ಹತ್ತು ಎಕರೆ ಗುಂಡಿಯ ಲೆಕ್ಕ

ಯಾವುದೋ ಒಂದು ಕ್ವಾರಿ, ವಿಸ್ತೀರ್ಣ ಹತ್ತು ಎಕರೆ, ಆಳ ನೂರಡಿ, ಬಾಯಿವರೆಗೆ ಕಸ ತುಂಬಿದೆ ಎಂದಿಟ್ಟುಕೊಳ್ಳಿ. ಇದು ಬೆಳ್ಳಹಳ್ಳಿಯ ಅಳತೆ ಅಲ್ಲ, ಲೆಕ್ಕಕ್ಕೆ ಅನುಕೂಲವಾದ ಒಂದು ಗುಂಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಒಂದು ಎಕರೆ ಮೇಲೆ ಅಷ್ಟು ಮಳೆ ಬಿದ್ದರೆ 39 ಲಕ್ಷ ಲೀಟರ್, ಹತ್ತು ಎಕರೆಗೆ 3.9 ಕೋಟಿ ಲೀಟರ್. ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ಮೇಲಿಂದಲೇ ಹರಿದು ಹೋಗುತ್ತದೆ. ಮೂರರಲ್ಲಿ ಒಂದು ಪಾಲು ಕಸದೊಳಗೆ ಇಳಿಯಿತು ಎಂದು ಹಿಡಿದರೆ ವರ್ಷಕ್ಕೆ 1.3 ಕೋಟಿ ಲೀಟರ್ ಕಸದ ರಸ. ದಿನಕ್ಕೆ ಸುಮಾರು 35 ಸಾವಿರ ಲೀಟರ್, ಅಂದರೆ 6 ಸಾವಿರ ಲೀಟರಿನ ಟ್ಯಾಂಕರ್ ಆರು. ಹಬ್ಬಕ್ಕೂ ರಜ ಇಲ್ಲ, ಚುನಾವಣೆಗೂ ರಜ ಇಲ್ಲ.

ಇದನ್ನು ಪಂಪಿನಿಂದ ಎತ್ತಿ ಶುದ್ಧ ಮಾಡಬೇಕು. ಸಾಮಾನ್ಯ ಚರಂಡಿ ನೀರಿನಂತೆ ಇದು ಸುಲಭಕ್ಕೆ ಬಗ್ಗುವುದಿಲ್ಲ. ವಿದ್ಯುತ್ತು, ರಾಸಾಯನಿಕ, ಹಾಳಾಗುವ ಪೊರೆ, ಆಳುಕಾಳು ಎಲ್ಲ ಸೇರಿ ಲೀಟರಿಗೆ 50 ಪೈಸೆ ಎಂದೇ ಹಿಡಿಯಿರಿ. ವರ್ಷಕ್ಕೆ 65 ಲಕ್ಷ ರೂಪಾಯಿ. ಯಂತ್ರ ಕೂರಿಸುವ ಖರ್ಚು ಇದರಲ್ಲಿ ಸೇರಿಲ್ಲ.

ಅರವತ್ತೈದು ಲಕ್ಷ ತಾನೇ ಎಂದು ಉಸಿರು ಬಿಡಬೇಡಿ. ಎಷ್ಟು ವರ್ಷ ಎಂಬುದೇ ಇಲ್ಲಿ ಮುಖ್ಯ. ಗುಂಡಿ ಮುಚ್ಚಿದ ಮೇಲೆ ಕನಿಷ್ಠ 15 ವರ್ಷ ನೋಡಿಕೊಳ್ಳಬೇಕು ಎಂದು 2016ರ ನಿಯಮ ಹೇಳಿತ್ತು. ಹದಿನೈದು ವರ್ಷಕ್ಕೆ ಬರೀ ಗುಣಾಕಾರ ಮಾಡಿದರೆ 9.75 ಕೋಟಿ. ಮೂವತ್ತು ವರ್ಷಕ್ಕೆ 19.5 ಕೋಟಿ. ಆದರೆ ಈ ಗುಣಾಕಾರ ಸರಿಯಲ್ಲ. ಕರೆಂಟಿನ ದರ, ಕೂಲಿ, ಔಷಧಿ ಎಲ್ಲ ವರ್ಷ ವರ್ಷ ಏರುತ್ತವೆ. ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹದಿನೈದು ವರ್ಷದ ಒಟ್ಟು 15 ಕೋಟಿ ದಾಟುತ್ತದೆ, ಮೂವತ್ತು ವರ್ಷದ್ದು 51 ಕೋಟಿ ದಾಟುತ್ತದೆ. ಗುಂಡಿಯೂ ಅದೇ, ನೀರೂ ಅದೇ, ಪೈಸೆಯೂ ಅದೇ. ವರ್ಷ ಎಷ್ಟು ಎಂದು ಬರೆಯುವ ಖಾನೆಯಲ್ಲಿ ಯಾವ ಅಂಕಿ ಕೂರಿಸಿದರು ಎಂಬುದರ ಮೇಲೆ 10 ಕೋಟಿಯ ಎಸ್ಟಿಮೇಟು 50 ಕೋಟಿ ಆಗುತ್ತದೆ.

ಸರ್ಕಾರಿ ಎಸ್ಟಿಮೇಟಿನ ಸ್ವಭಾವ ನೋಡಿದವರಿಗೆ ಈ ಖಾನೆಯ ಗತಿ ಗೊತ್ತು. ಹೀಗೊಂದು ಮಾತುಕತೆ ಕ್ವಾರಿ ದಂಡೆಯಲ್ಲಿ ನಡೆದೀತು ಎಂದಿಟ್ಟುಕೊಳ್ಳಿ. ಒಬ್ಬರು ಟೇಪು ಹಿಡಿದು ಬಂದ ಇಂಜಿನಿಯರು, ಇನ್ನೊಬ್ಬರು ಊರಿನ ಹಿರಿಯರು.

"ಸಾರ್, ಪಂಪು ಎಷ್ಟು ದಿನ ಓಡುಸ್ತೀರಾ?"

"ಕಾಮಗಾರಿ ಹದಿನೆಂಟು ತಿಂಗಳು, ಯಜಮಾನ್ರೆ."

"ಆಮ್ಯಾಕೆ?"

"ಆಮೇಲೆ ಮೇಂಟೆನೆನ್ಸು. ಅದು ಬೇರೆ ಹೆಡ್ಡು."

"ಆ ಹೆಡ್ಡಲ್ಲಿ ದುಡ್ಡೈತಾ?"

"ಬರುತ್ತೆ, ನೋಡೋಣ."

ಈ ‘ನೋಡೋಣ’ ಎಂಬುದೇ ಖರ್ಚಿನ ಮುಕ್ಕಾಲು ಪಾಲು. ಪೈಪು ಹಾಕಿಸಲು, ತೊಟ್ಟಿ ಕಟ್ಟಿಸಲು ಹಣ ಹುಟ್ಟುತ್ತದೆ, ಟೆಂಡರು ಆಗುತ್ತದೆ, ಬಿಲ್ಲು ಪಾಸಾಗುತ್ತದೆ. ಮೂರನೇ ವರ್ಷ ಸುಟ್ಟ ಮೋಟಾರನ್ನು ರಿವೈಂಡಿಂಗ್ ಮಾಡಿಸಲು ಹಣ ಹುಟ್ಟುವುದಿಲ್ಲ.

ಮುಚ್ಚುವುದೋ, ತೆಗೆಯುವುದೋ

ಪಂಪು ಹೊಡೆಯುತ್ತ ಕೂರುವುದೊಂದೇ ದಾರಿ ಅಲ್ಲ. ಮಳೆ ಒಳಗೆ ಇಳಿಯದಂತೆ ಮೇಲೆ ಹೊದಿಕೆ ಹಾಕಬಹುದು. 2016ರ ನಿಯಮದ ಪ್ರಕಾರ ಅದಕ್ಕೆ 60 ಸೆಂಟಿಮೀಟರ್ ಜೇಡಿಮಣ್ಣು, ಮೇಲೆ ನೀರು ಬಸಿಯುವ ಪದರ, ಅದರ ಮೇಲೆ ಗಿಡ ಹುಲ್ಲಿಗೆ 45 ಸೆಂಟಿಮೀಟರ್ ಮಣ್ಣು. ಹತ್ತು ಎಕರೆ ಎಂದರೆ 40 ಸಾವಿರ ಚದರ ಮೀಟರ್. ಚದರ ಮೀಟರಿಗೆ 1,500 ರೂ. ಎಂದು ಇಟ್ಟುಕೊಂಡರೆ 6 ಕೋಟಿ. ಒಳಗೆ ಇಳಿಯುವ ನೀರು ಹತ್ತರಲ್ಲಿ ಒಂದಕ್ಕೆ ಇಳಿದರೆ ವರ್ಷದ 65 ಲಕ್ಷ ಹೋಗಿ 6.5 ಲಕ್ಷ ಆಗುತ್ತದೆ. ಹತ್ತು ವರ್ಷ ಚಿಲ್ಲರೆಯಲ್ಲಿ ಹೊದಿಕೆಯ ದುಡ್ಡು ಹುಟ್ಟಿತು. ಹದಿನೈದು ವರ್ಷದ ಕಣ್ಣಿನಿಂದ ನೋಡಿದರೆ ಲಾಭ, ಐದು ವರ್ಷದ ಕಣ್ಣಿನಿಂದ ನೋಡಿದರೆ ದಂಡ. ಐದು ವರ್ಷಕ್ಕೊಮ್ಮೆ ಬದಲಾಗುವ ಕಣ್ಣುಗಳು ಯಾವುವು ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಕ್ವಾರಿಯಲ್ಲಿ ಒಂದು ತಕರಾರಿದೆ. ಹೊದಿಕೆ ತಡೆಯುವುದು ಮೇಲಿನ ಮಳೆಯನ್ನು. ಪಕ್ಕದ ಸೀಳಿನಿಂದ ಒಳಗೆ ನುಗ್ಗುವ ಅಂತರ್ಜಲವನ್ನು ಅದು ತಡೆಯುವುದಿಲ್ಲ. ಗುಂಡಿಯ ತಳ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕೆಳಗಿನ ಕಸ ಸದಾ ನೆನೆದೇ ಇರುತ್ತದೆ, ಟೀ ಪುಡಿಯ ಚೀಲ ನೀರಿನಲ್ಲಿ ಮುಳುಗಿದಂತೆ. ಹಾಗಾಗಿ 6.5 ಲಕ್ಷ ಎಂಬುದು ಬಯಲು ಗುಂಡಿಯ ಲೆಕ್ಕ. ಕ್ವಾರಿಯಲ್ಲಿ ಅದು 20 ಲಕ್ಷ ಆಗಬಹುದು, 40 ಆಗಬಹುದು. ಸುತ್ತ ಪರೀಕ್ಷೆಯ ಬೋರು ಕೊರೆದು ವರ್ಷ ಎರಡು ವರ್ಷ ನೀರಿನ ಮಟ್ಟ ಅಳೆದ ಮೇಲೆಯೇ ಹೇಳಬಹುದಾದ ಮಾತು ಅದು. ಅಳೆಯುವ ಖರ್ಚು ಇಡೀ ಖರ್ಚಿನಲ್ಲಿ ಚಟ್ನಿಯಷ್ಟು. ಎಸ್ಟಿಮೇಟಿನಲ್ಲಿ ಕತ್ತರಿ ಬೀಳುವುದು ಮೊದಲು ಅದಕ್ಕೇ.

ಮೂರನೆಯ ದಾರಿ ಕಸವನ್ನೇ ಅಗೆದು ತೆಗೆಯುವುದು. ಸ್ವಚ್ಛ ಭಾರತ ಯೋಜನೆಯ ಎರಡನೇ ಹಂತದಲ್ಲಿ ಹಳೆ ಕಸ ಬಿಡಿಸಿ ವಿಂಗಡಿಸಲು ಟನ್ನಿಗೆ 550 ರೂ. ಲೆಕ್ಕ ಹಿಡಿದಿದ್ದರು. ನಮೂನೆಯ ಗುಂಡಿಯಲ್ಲಿ ಹತ್ತು ಎಕರೆಗೆ ನೂರಡಿ ಆಳ ಎಂದರೆ 12 ಲಕ್ಷ ಘನ ಮೀಟರ್. ಘನ ಮೀಟರಿಗೆ ಒಂದು ಟನ್ ಎಂದರೆ 12 ಲಕ್ಷ ಟನ್. ಒಟ್ಟು 66 ಕೋಟಿ. ಆ ದರ ನೆಲದ ಮೇಲಿನ ಕಸದ ಬೆಟ್ಟಕ್ಕೆ. ನೂರಡಿ ಆಳದ ಒದ್ದೆ ಕಸವನ್ನು ಎತ್ತಿ ತರಲು ಅದು ಸಾಲುವುದು ಕಷ್ಟ.

ಅಬ್ಬ, 66 ಕೋಟಿ! ಯಾವ ಹಣಕಾಸು ಅಧಿಕಾರಿಯಾದರೂ ಕಡತ ಮುಚ್ಚಿಬಿಡುವ ಮೊತ್ತ. ಆದರೆ ಇನ್ನೊಂದು ಲೆಕ್ಕ ನೋಡಿ. ವರ್ಷಕ್ಕೆ 65 ಲಕ್ಷದ ಪಂಪಿನ ಖರ್ಚನ್ನು ಸರ್ಕಾರ ಇವತ್ತೇ ಬ್ಯಾಂಕಿನಲ್ಲಿ ಇಡುಗಂಟು ಮಾಡಿ ತೀರಿಸಬೇಕು ಎಂದುಕೊಳ್ಳಿ. ಬಡ್ಡಿ ನೂರಕ್ಕೆ ಏಳು, ಬೆಲೆ ಏರಿಕೆ ನೂರಕ್ಕೆ ಆರು. ಮೂವತ್ತು ವರ್ಷ ಸಾಕೆಂದರೆ 16 ಕೋಟಿ ಇಟ್ಟರಾಯಿತು. ಕೊನೆಯೇ ಇಲ್ಲ, ಮೊಮ್ಮಕ್ಕಳ ಕಾಲಕ್ಕೂ ಪಂಪು ಓಡಬೇಕು ಎಂದರೆ ಇಡಬೇಕಾದ ಗಂಟು 65 ಕೋಟಿ. ಕಸ ಅಗೆದು ತೆಗೆಯುವ ಖರ್ಚೂ ಹೆಚ್ಚು ಕಡಿಮೆ ಅಷ್ಟೇ. ದುಬಾರಿ ಎಂದು ತಳ್ಳಿದ ದಾರಿ ನಿಜವಾಗಿ ದುಬಾರಿಯೇ ಅಲ್ಲವೇ ಎಂಬುದು ಮತ್ತೆ ವರ್ಷದ ಖಾನೆಗೇ ಬಂದು ನಿಲ್ಲುತ್ತದೆ. ಮಾವಳ್ಳಿಪುರಕ್ಕೆ ಕಸ ಹೋಗುವುದು 2012ರಲ್ಲಿ ನಿಂತರೂ ವರ್ಷಗಳ ನಂತರವೂ ಕಸದ ರಸದ ದೂರು ನಿಲ್ಲಲಿಲ್ಲ ಎಂಬುದನ್ನು ಆ ಖಾನೆ ತುಂಬುವವರು ಒಮ್ಮೆ ನೆನೆಯಬೇಕು.

ಚಿನ್ನದ ಗಣಿಯಲ್ಲೂ ಇದೇ ಪಾಡು

ಇದು ಕಸದ ಗುಂಡಿಗೆ ಮಾತ್ರ ಬಂದ ಕತೆ ಅಲ್ಲ. ಗಣಿ ಯಾವುದೇ ಆಗಲಿ, ಮುಚ್ಚಿದ ದಿನ ಪಂಪು ನಿಲ್ಲುತ್ತದೆ, ನೀರು ಏರುತ್ತದೆ. ಯಲಹಂಕದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಕೋಲಾರದ ಚಿನ್ನದ ಗಣಿ ಇದೆ. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಬೆಂಗಳೂರಿಗಲ್ಲ, ಆ ಗಣಿಗೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿಯಲ್ಲಿ ನೀರೆತ್ತದೆ ಒಂದು ದಿನವೂ ಕೆಲಸ ಸಾಗುವಂತಿರಲಿಲ್ಲ. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ನೀರು ಸುರಂಗಗಳನ್ನು ತುಂಬಿತು. ಮೇಲೆ ಉಳಿದದ್ದು ಚಿನ್ನ ಬಿಡಿಸಿ ಬಿಸಾಕಿದ ಸುಮಾರು 3.3 ಕೋಟಿ ಟನ್ ಪುಡಿ. ಊರಿನವರು ಅದನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಬೀಸಿದರೆ ಮನೆಯೊಳಗೆ ಧೂಳು, ಮಳೆ ಬಂದರೆ ಇಳಿಜಾರಿಗೆ ಕೆಸರು.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸಾವಿರ ಎಕರೆಯಷ್ಟು ಜಾಗದಲ್ಲಿರುವ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ದಿಬ್ಬದಲ್ಲಿ ಇನ್ನೂ ಉಳಿದಿರುವ ಚಿನ್ನದ ಬೆಲೆ ಎಷ್ಟು ಎಂಬ ಚರ್ಚೆ ಜೋರಾಗಿ ನಡೆಯಿತು. ದಿಬ್ಬದ ಕೆಳಗಿನ ನೀರಿನ ಬೆಲೆ ಎಷ್ಟು ಎಂಬ ಚರ್ಚೆಗೆ ಅಷ್ಟು ಗಿರಾಕಿ ಇರಲಿಲ್ಲ.

ಹೊರದೇಶಗಳಲ್ಲಿ ಈ ಲೆಕ್ಕ ತಪ್ಪಿ ಪಾಠ ಕಲಿತವರಿದ್ದಾರೆ. ಕೆನಡಾದ ಉತ್ತರ ಭಾಗದ ಯೆಲ್ಲೋನೈಫ್ ಪಟ್ಟಣದ ಪಕ್ಕ ಜಯಂಟ್ ಎಂಬ ಚಿನ್ನದ ಗಣಿ ಇತ್ತು. 2004ರಲ್ಲಿ ನಿಂತಿತು. ಅದರ ಹೊಟ್ಟೆಯಲ್ಲಿ 2 ಲಕ್ಷದ 37 ಸಾವಿರ ಟನ್ ಆರ್ಸೆನಿಕ್ ವಿಷದ ಪುಡಿ ಉಳಿದಿದೆ. ಅದಕ್ಕೆ ನೀರು ತಾಕದಂತೆ ಸುತ್ತಲ ನೆಲವನ್ನೇ ಹೆಪ್ಪುಗಟ್ಟಿಸಿ ಇಡುವುದು, ಗಣಿಯ ನೀರನ್ನು ಎತ್ತಿ ಶುದ್ಧ ಮಾಡುತ್ತಲೇ ಇರುವುದು ಅಲ್ಲಿನ ಉಪಾಯ. ಸುಮಾರು 100 ಕೋಟಿ ಡಾಲರ್ ಎಂದಿದ್ದ ಅಂದಾಜು 2022ರಲ್ಲಿ 438 ಕೋಟಿ ಕೆನಡಾ ಡಾಲರಿಗೆ ಏರಿತು. ಗಣಿ ನಡೆಸಿದ ಕಂಪನಿ ದಿವಾಳಿ ಎದ್ದು ಹೋದದ್ದರಿಂದ ಖರ್ಚು ಪೂರ್ತಿ ತೆರಿಗೆ ಕಟ್ಟುವವರ ತಲೆಗೆ.

ಜರ್ಮನಿಯ ರೂರ್ ಕಲ್ಲಿದ್ದಲು ಸೀಮೆಯವರು ಬೇರೆ ದಾರಿ ಹಿಡಿದರು. ಕೊನೆಯ ಗಣಿ 2018ರಲ್ಲಿ ಮುಚ್ಚುವುದಕ್ಕೆ ಹನ್ನೊಂದು ವರ್ಷ ಮೊದಲೇ, 2007ರಲ್ಲಿ, ಒಂದು ನಿಧಿ ಕಟ್ಟಿದರು. ಗಣಿ ನೀರು ಎತ್ತುವ ಖರ್ಚಿಗೆ ಅವರು ಇಟ್ಟ ಹೆಸರೇ ‘ಶಾಶ್ವತ ಹೊರೆ’ ಎಂಬ ಅರ್ಥದ್ದು. ವರ್ಷಕ್ಕೆ 20 ಕೋಟಿ ಯೂರೋ ಮೀರುವ ಆ ಖರ್ಚನ್ನು ನಿಧಿಯ ಆದಾಯದಿಂದ ತೂಗಿಸುತ್ತಾರೆ. ಎಷ್ಟು ವರ್ಷ ಎಂಬ ಖಾನೆಯಲ್ಲಿ ಅವರು ಅಂಕಿ ಬರೆಯುವ ಬದಲು ಕೊನೆ ಇಲ್ಲ ಎಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದರಿಂದ ದುಡ್ಡು ಹೊಂದಿಸುವ ದಾರಿಯೂ ಕಂಡಿತು.

ನಮ್ಮಲ್ಲೂ ಗಣಿ ಮುಚ್ಚುವ ಖರ್ಚಿಗೆ ಮೊದಲೇ ಭದ್ರತೆ ಇಡುವ ಕಾನೂನು ಇಲ್ಲವೆಂದಲ್ಲ. ಕಬ್ಬಿಣ, ಚಿನ್ನದಂಥ ದೊಡ್ಡ ಖನಿಜಗಳಿಗೆ 2017ರ ಕೇಂದ್ರ ನಿಯಮದಲ್ಲಿ ಯಂತ್ರದಿಂದ ನಡೆಯುವ ಗಣಿಗೆ ಹೆಕ್ಟೇರಿಗೆ 3 ಲಕ್ಷ ರೂ. ಎಂದಿತ್ತು. ಎಕರೆಗೆ 1 ಲಕ್ಷದ 20 ಸಾವಿರ ಆಯಿತು. ನಮೂನೆಯ ಹತ್ತು ಎಕರೆ ಗುಂಡಿಗೆ ಆ ದರ ಹಚ್ಚಿದರೆ 12 ಲಕ್ಷ. ಪಂಪು ಎರಡೂವರೆ ತಿಂಗಳು ಓಡುವಷ್ಟರಲ್ಲಿ ಭದ್ರತೆ ಖಾಲಿ. ಕಟ್ಟಡದ ಕಲ್ಲಿನ ಕ್ವಾರಿಗಳಿಗೆ ಅದೂ ಅನ್ವಯಿಸುವುದಿಲ್ಲ, ಅವು ರಾಜ್ಯದ ಉಪಖನಿಜ ನಿಯಮಗಳ ಕೆಳಗೆ ಬರುತ್ತವೆ.

ಊರು ಆಗಲೇ ಕೊಡುತ್ತಿರುವ ದುಡ್ಡು

ಖರ್ಚು ಬೇಡ ಎಂದು ಸರ್ಕಾರ ಸುಮ್ಮನೆ ಕುಳಿತರೆ ಖರ್ಚು ನಿಲ್ಲುತ್ತದೆಯೇ? ಐನೂರು ಮನೆಯ ಒಂದು ಊರಿನ ಬೋರುಗಳು ಕೆಟ್ಟವು ಎಂದಿಟ್ಟುಕೊಳ್ಳಿ. ಮನೆಗೆ ದಿನಕ್ಕೆ 300 ಲೀಟರ್ ಎಂದರೆ ಬಹಳ ಏನಲ್ಲ. ಅಡಿಗೆ, ಸ್ನಾನ, ಬಟ್ಟೆ, ಪಾತ್ರೆ, ಕೊಟ್ಟಿಗೆಯಲ್ಲಿ ಒಂದು ಹಸು. ಐನೂರು ಮನೆಗೆ ಒಂದೂವರೆ ಲಕ್ಷ ಲೀಟರ್, ಅಂದರೆ 6 ಸಾವಿರ ಲೀಟರಿನ 25 ಟ್ಯಾಂಕರ್. 2024ರ ಮಾರ್ಚಿನ ಬರದಲ್ಲಿ ಟ್ಯಾಂಕರಿನವರ ಆಟ ಮಿತಿಮೀರಿದಾಗ ಬೆಂಗಳೂರು ಜಿಲ್ಲಾಡಳಿತ ಈ ಅಳತೆಯ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 600 ರೂ. ದರ ಗೊತ್ತು ಮಾಡಿತ್ತು. ಆ ದರದಲ್ಲೇ ಹಿಡಿದರೂ ದಿನಕ್ಕೆ 15 ಸಾವಿರ. ವರ್ಷಕ್ಕೆ 54 ಲಕ್ಷದ 75 ಸಾವಿರ.

ಗುಂಡಿಯ ನೀರು ಶುದ್ಧ ಮಾಡಲು 65 ಲಕ್ಷ, ಮಾಡದೆ ಬಿಟ್ಟರೆ ಒಂದು ಊರು ತೆರುವುದು 55 ಲಕ್ಷ. ಒಂದರ ಪಕ್ಕ ಒಂದು ಇಟ್ಟು ನೋಡಿ. ಎರಡನೇ ಊರಿನ ಬೋರು ಕೆಟ್ಟ ದಿನ ಸುಮ್ಮನಿರುವುದೇ ಹೆಚ್ಚು ದುಬಾರಿ. ವ್ಯತ್ಯಾಸ ಇಷ್ಟೇ, ಮೊದಲನೆಯದು ಬಜೆಟ್ಟಿನಲ್ಲಿ ಕಾಣುವ ಖರ್ಚು. ಎರಡನೆಯದು ಒಂದೊಂದು ಮನೆಯ ಡಬ್ಬಿಯಿಂದ ದಿನಕ್ಕೆ 30 ರೂಪಾಯಿಯಂತೆ ಹೋಗುತ್ತದೆ, ಯಾವ ಕಡತಕ್ಕೂ ಏರುವುದಿಲ್ಲ. ಕುಡಿಯಲು ಆರ್‌ಒ ಘಟಕದ ಕ್ಯಾನಿಗೆ ಐದೋ ಹತ್ತೋ ಬೇರೆ. ಹಾಲಿನ ಹಸು ಏನು ಕುಡಿಯಬೇಕು, ಸೊಪ್ಪಿನ ಮಡಿಗೆ ಏನು ಹಾಯಿಸಬೇಕು ಎಂಬುದಕ್ಕೆ ಕ್ಯಾನಿನ ನೀರು ಉತ್ತರವಲ್ಲ.

ಇನ್ನೊಂದು ವಿಪರೀತ ಉಂಟು. ಟ್ಯಾಂಕರಿನ ನೀರು ಬರುವುದೂ ಸುತ್ತಲಿನ ಬೋರುಗಳಿಂದಲೇ. ಹಗಲು ರಾತ್ರಿ ಎಳೆಯುವ ಬೋರು ತನ್ನ ಸುತ್ತಲಿನ ನೀರನ್ನು ತನ್ನತ್ತ ಸೆಳೆಯುತ್ತದೆ. ಗುಂಡಿಯ ಹತ್ತಿರ ಅಂಥ ಬೋರಿದ್ದರೆ ಕಸದ ರಸವೂ ಸೀಳಿನಲ್ಲಿ ಅತ್ತಲೇ ಹೊರಡುತ್ತದೆ. ಒಂದು ಊರಿನ ನೀರು ಕೆಟ್ಟಿತೆಂದು ಪಕ್ಕದ ಊರಿನ ಬೋರು ಜೋರಾಗಿ ಓಡಿಸಿದರೆ ನೀರಿನ ಜೊತೆ ಕೇಡೂ ಪಕ್ಕದೂರಿಗೆ ನಡೆದು ಬರುತ್ತದೆ. ಈ ಖರ್ಚನ್ನು ಬರೆಯುವ ಖಾನೆ ಯಾವ ಎಸ್ಟಿಮೇಟಿನಲ್ಲಿದೆ?

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ನೀರು ಬಿಟ್ಟ ಮೇಲೆ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಇನ್ನು ಚಿಂತೆ ಇಲ್ಲ ಎಂದು ಹೇಳುವವರಿದ್ದಾರೆ. ನಲ್ಲಿ ಬಂದ ಮನೆಗೆ ಅದು ನೆಮ್ಮದಿ, ನಿಜ. 4 ಸಾವಿರ ಕೋಟಿಗೂ ಹೆಚ್ಚು ಸುರಿದು, ನೂರು ಕಿಲೋಮೀಟರ್ ದೂರದಿಂದ ನೀರು ಎತ್ತಿ ತಂದದ್ದು ಅದು. ಕಾಲ ಕೆಳಗಿನ ನೀರು ಕೆಡದಂತೆ ನೋಡಿಕೊಳ್ಳುವ ಖರ್ಚನ್ನು ಆ ಮೊತ್ತದ ಪಕ್ಕ ಬರೆದರೆ ಅದರ ನಿಜವಾದ ಗಾತ್ರ ಗೊತ್ತಾಗುತ್ತದೆ. ನಗರದ ಗೆರೆಯಾಚೆ ಇರುವ ಹಳ್ಳಿಗಳಿಗಂತೂ ಬೋರೇ ಗತಿ.

ಕಸದ ಗುಂಡಿಯ ಅಂಚಿನಿಂದ 50 ಮೀಟರ್ ಒಳಗಿನ ಅಂತರ್ಜಲವನ್ನು ಬೇಸಿಗೆ, ಮಳೆಗಾಲ, ಮಳೆ ಕಳೆದ ಮೇಲೆ ಎಂದು ವರ್ಷದಲ್ಲಿ ಮೂರು ಕಾಲಕ್ಕೂ ಪರೀಕ್ಷೆ ಮಾಡಬೇಕೆಂದು 2016ರ ನಿಯಮದಲ್ಲೇ ಇತ್ತು. ಆ ಪರೀಕ್ಷೆಗಳು ನಡೆದಿದ್ದರೆ ವರದಿ ಇರಬೇಕು. ವರದಿ ಇದ್ದರೆ ನೈಟ್ರೇಟು ಎಷ್ಟು, ಯಾವ ದಿಕ್ಕಿನ ಬೋರಿನಲ್ಲಿ ಏರುತ್ತಿದೆ, ಎಷ್ಟು ವರ್ಷದಿಂದ ಏರುತ್ತಿದೆ ಎಂಬುದು ತಿಳಿಯುತ್ತದೆ. ಖರ್ಚಿನ ಲೆಕ್ಕ ಶುರುವಾಗಬೇಕಾದದ್ದೇ ಆ ಕಾಗದದಿಂದ. ಅದರ ನಕಲು ಬೇಕೆಂದು ಊರಿನ ಯಾರು ಬೇಕಾದರೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಇನ್ನೊಂದು ಸಾಲು ಸೇರಿಸಲಿ: ಗುಂಡಿಯ ನೀರು ನಿರ್ವಹಣೆಗೆ ತಯಾರಿಸಿದ ಅಂದಾಜು ಪಟ್ಟಿಯಲ್ಲಿ ಎಷ್ಟು ವರ್ಷದ ಖರ್ಚು ಹಿಡಿಯಲಾಗಿದೆ? ಶುಲ್ಕ 10 ರೂಪಾಯಿ. ಉತ್ತರ ಕೊಡಲು ಇಲಾಖೆಗೆ 30 ದಿನ ಗಡುವು.